ಕಣ, ಗರಡಿ, ಕಟ್ಟೆ: ಬಳ್ಳಾರಿ ಸೀಮೆಯಲ್ಲಿ ಮುಪ್ಪು ಮತ್ತು ಸಾಮಿನ ಚರಿತ್ರೆ

ಸಂಡೂರು ತಾಲ್ಲೂಕಿನಲ್ಲಿ ತೋರಣಗಲ್ಲಿನ ನೆರೆಗೆ ಇರುವ ವಡ್ಡು ಎಂಬ ಹಳ್ಳಿ, ಅದರ ಪಡುವಣದ ಹೊಸಪೇಟೆ ಮತ್ತು ಹಂಪಿ, ಬಡಗಣಕ್ಕೆ ತುಂಗಭದ್ರೆಯ ದಂಡೆಯ ಕಂಪ್ಲಿ, ಬೆಟ್ಟಸಾಲುಗಳ ಮಧ್ಯದ ಸಂಡೂರು, ಇವೆಲ್ಲ ಕೂಡಿದ ಸೀಮೆ 2021ರಲ್ಲಿ ಆಡಳಿತದ ಲೆಕ್ಕದಲ್ಲಿ ಎರಡಾಗಿ, ಹೊಸಪೇಟೆ ಮತ್ತು ಹಂಪಿ ಹೊಸ ವಿಜಯನಗರ ಜಿಲ್ಲೆಗೆ ಹೋದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಜನಜೀವನದ ಚರಿತ್ರೆಗೆ ಈ ಗೆರೆ ಅಡ್ಡಬರುವುದಿಲ್ಲ. ದೇಹಬಲವನ್ನು ಕಲ್ಲಿನಲ್ಲಿ ಕೆತ್ತಿಸಿದ ರಾಜಧಾನಿಯೂ, ಎರೆಭೂಮಿಯ ಬೇಸಾಯವೂ, ಕಬ್ಬಿಣದ ಅದಿರಿನ ಬೆಟ್ಟಗಳೂ ಒಂದೇ ದಿನದ ಕಾಲುನಡಿಗೆಯೊಳಗೆ ಸಿಗುವ ಈ ನೆಲದಲ್ಲಿ, ವಯಸ್ಸಾದವರು ಮೈಬಗ್ಗಿಸಿ ದುಡಿಯುವುದು, ನಡೆಯುವುದು, ಸಾಮು ಮಾಡುವುದು ಹೇಗೆ ನಡೆದುಬಂತು ಎಂಬ ಪ್ರಶ್ನೆಗೆ ರಾಜರ ಚರಿತ್ರೆಯಷ್ಟೇ ಮಹತ್ವ ಸಲ್ಲಬೇಕು. ಮುಪ್ಪಿನವರ ದೇಹಚಾಲನೆ ಇಲ್ಲಿ ಬಹುಕಾಲ ‘ವ್ಯಾಯಾಮ’ ಎಂಬ ಪ್ರತ್ಯೇಕ ಹೆಸರನ್ನು ಪಡೆಯಲಿಲ್ಲ. ಅದು ಕೆಲಸದೊಳಗೆ, ಹರಕೆಯೊಳಗೆ, ಎಲ್ಲಕ್ಕಿಂತ ಹೆಚ್ಚಾಗಿ ವಾರಿಗೆಯವರ ಒಡನಾಟದೊಳಗೆ ಬೆರೆತುಹೋಗಿತ್ತು. ವಾರಿಗೆಯವರು ಎಂದರೆ ಈ ಸೀಮೆಯ ಬಾಯಿಮಾತಿನಲ್ಲಿ ಒಂದೇ ವಯಸ್ಸಿನ ಜೊತೆಗಾರರು; ಗ್ರಂಥದ ಕನ್ನಡ ಇವರನ್ನೇ ಓರಗೆಯವರು ಎನ್ನುತ್ತದೆ.

ಶಾಸ್ತ್ರಗ್ರಂಥಗಳು ಮುಪ್ಪು ಮತ್ತು ವ್ಯಾಯಾಮದ ಸಂಬಂಧದಲ್ಲಿ ಎರಡು ಮಾತನ್ನು ಹೇಳಿವೆ, ಎರಡೂ ಈ ನಾಡಿನ ವೈದ್ಯರಿಗೆ ತಿಳಿದಿದ್ದವು. ನಿತ್ಯವೂ ವ್ಯಾಯಾಮ ಮಾಡುವವನ ಮೇಲೆ ಮುಪ್ಪು ಥಟ್ಟನೆ ಏರಿ ಕುಳಿತುಕೊಳ್ಳುವುದಿಲ್ಲ ಎಂಬ ಅಭಿಪ್ರಾಯ ಸುಶ್ರುತ ಸಂಹಿತೆಯಲ್ಲಿದೆ. ವಾಗ್ಭಟನ ಅಷ್ಟಾಂಗಹೃದಯವಾದರೋ ಬಲವುಳ್ಳವರೂ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಿಧಿಸಿ, ವಾತಪಿತ್ತದ ರೋಗಿ, ಬಾಲಕ, ಅಜೀರ್ಣವುಳ್ಳವನು, ಇವರ ಜೊತೆಗೆ ವೃದ್ಧನೂ ಅದನ್ನು ಬಿಟ್ಟುಬಿಡಬೇಕು ಎನ್ನುತ್ತದೆ; ಅದೇ ಗ್ರಂಥ ಅಭ್ಯಂಗವನ್ನು, ಅಂದರೆ ಮೈಗೆ ಎಣ್ಣೆ ಹಚ್ಚಿ ತಿಕ್ಕುವುದನ್ನು, ಮುಪ್ಪನ್ನೂ ಆಯಾಸವನ್ನೂ ಕಳೆಯುವ ನಿತ್ಯಕರ್ಮವೆಂದು ಹೊಗಳುತ್ತದೆ. ಹೀಗೆ ಸಾಮು ಎಳೆಯರಿಗೆ, ಎಣ್ಣೆ ಹಿರಿಯರಿಗೆ ಎಂಬ ಒಂದು ಪಾಲುಪಟ್ಟಿ ಗ್ರಂಥದಲ್ಲಿ ಸಿದ್ಧವಾಯಿತು. ವಾಗ್ಭಟನ ಎಚ್ಚರಿಕೆ ದುರ್ಬಲ ದೇಹದ ಮೇಲಿನ ಕಾಳಜಿಯಿಂದಲೇ ಹುಟ್ಟಿದ್ದರೂ, ಬಳಕೆಯಲ್ಲಿ ಅದು ವಿಶ್ರಾಂತಿಯೇ ಮುಪ್ಪಿನ ಧರ್ಮ ಎಂಬ ನಂಬಿಕೆಗೆ ಆಸರೆಯಾಯಿತು ಎಂದು ಭಾವಿಸಲು ಅವಕಾಶವಿದೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೂ, ಊರು ಹೋಗು ಎನ್ನುತ್ತದೆ ಕಾಡು ಬಾ ಎನ್ನುತ್ತದೆ ಎಂಬ ನುಡಿಗಟ್ಟೂ ಅದೇ ಮನೋಭಾವದ ಬೆಳೆಗಳು.

ಅರಮನೆಯ ಕಡೆಗೆ ತಿರುಗಿದರೆ ಚಿತ್ರ ಬೇರೆಯಾಗುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಅಧ್ಯಾಯವಿದ್ದು, ಅದು ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲದ ಲೆಕ್ಕದಲ್ಲಿ ವಿಂಗಡಿಸುತ್ತದೆ, ಅವರ ಅಭ್ಯಾಸವನ್ನೂ ಅರಸನು ಅವರಿಗೆ ಒದಗಿಸಬೇಕಾದ ಆಹಾರವನ್ನೂ ವಿವರಿಸುತ್ತದೆ. ಅಲ್ಲಿ ಮಲ್ಲನು ಅರಸನ ವಿನೋದದ ಪಾತ್ರ. ಕಣಕ್ಕಿಳಿಯಲಾರದ ವಯಸ್ಸಿಗೆ ಬಂದವನ ಪಾಡು ಆ ಅಧ್ಯಾಯದ ವಿಷಯವೇ ಅಲ್ಲ. ನಾಲ್ಕು ಶತಮಾನಗಳ ಬಳಿಕ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅವನ ಪ್ರಕಾರ ಅರಸನು ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಸವರಿಕೊಂಡು, ಸೊಂಟಕ್ಕೆ ಕಿರಿದೊಂದು ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ಭಾರದ ಗುಂಡುಗಳನ್ನು ತೋಳಿನಲ್ಲಿ ಎತ್ತುತ್ತಿದ್ದನು. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿವರಸೆ ನಡೆಸಿ, ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಹಿಡಿದು, ಬಳಿಕ ಕುದುರೆಯೇರಿ ಬಯಲಿನಲ್ಲಿ ಸವಾರಿ ಮಾಡುತ್ತಿದ್ದನು. ಇಷ್ಟೂ ಮುಗಿದ ಮೇಲೆ ಬೆಳಗಾಗುತ್ತಿತ್ತು. 1471ರಲ್ಲಿ ಹುಟ್ಟಿದನೆಂಬ ಎಣಿಕೆಯನ್ನು ಒಪ್ಪುವುದಾದರೆ ಆಗ ಅರಸನಿಗೆ ಐವತ್ತರ ಅಂಚು. ಆ ಕಾಲದ ಆಯುರ್ಮಾನದಲ್ಲಿ ಅದು ಎಳೆಯ ವಯಸ್ಸಲ್ಲ. ಈ ವರ್ಣನೆಯನ್ನು ಚರಿತ್ರಕಾರರು ಅರಸನ ಪರಾಕ್ರಮದ ಸಾಕ್ಷಿಯಾಗಿ ಮಾತ್ರ ಓದುತ್ತ ಬಂದಿದ್ದಾರೆ. ನಡುವಯಸ್ಸು ದಾಟುತ್ತಿದ್ದ ಒಬ್ಬನು ನಿತ್ಯದ ಕಟ್ಟುಪಾಡಿನಿಂದ, ಜೊತೆಗಾರನೊಬ್ಬನ ಎದುರಿನಲ್ಲಿ ದೇಹವನ್ನು ಕಾಪಾಡಿಕೊಂಡ ಬಗೆಯ ದಾಖಲೆಯಾಗಿಯೂ ಅದಕ್ಕೆ ಬೆಲೆಯಿದೆ. ಗುಂಡು ಮತ್ತು ಕತ್ತಿ ಒಂಟಿಯಾಗಿ ಮಾಡುವ ಸಾಮು, ಕುಸ್ತಿಗೆ ಮಾತ್ರ ಇನ್ನೊಬ್ಬ ಬೇಕು, ಅರಸನೂ ಆ ಇನ್ನೊಬ್ಬನನ್ನು ಬಿಟ್ಟಿರಲಿಲ್ಲ.

ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಸಾಲುಗಳಲ್ಲಿ ಮಲ್ಲರು, ಕುದುರೆಗಳು, ಬೇಟೆಗಾರರು, ಕೋಲಾಟದ ಹೆಂಗಸರು ಇಂದಿಗೂ ಕಾಣುತ್ತಾರೆ. ಪಾಯೆಸನ ತರುವಾಯ ಬಂದ ಫೆರ್ನಾವೊ ನೂನಿಜ್ ಅರಮನೆಯ ಊಳಿಗದಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ಬರೆದಿರುವುದು ದೇಹಸಾಧನೆ ಗಂಡಸರಿಗಷ್ಟೇ ಮೀಸಲಾಗಿತ್ತೆಂಬ ಎಣಿಕೆಯನ್ನು ತಿದ್ದುತ್ತದೆ. ವ್ಯಾಸತೀರ್ಥರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಹನುಮನ ಗುಡಿಯೂ, ನದಿಯಾಚೆ ಆನೆಗೊಂದಿಯ ಕಡೆ ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ ಬೆಟ್ಟವೂ ಇರುವ ಈ ನೆಲದಲ್ಲಿ, ಗರಡಿಮನೆಯ ದೇವರು ಆಂಜನೇಯನಾಗಿರುವುದು ಸಹಜವೇ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹರಕೆ ಹೊತ್ತ ಹಿರಿಯರು ಮಂಟಪದಿಂದ ಮಂಟಪಕ್ಕೆ ಕುಳಿತು, ದಣಿವಾರಿಸಿಕೊಂಡು, ಒಬ್ಬರಿಗೊಬ್ಬರು ಕೈಕೊಟ್ಟು ಏರುವುದು ಭಕ್ತಿಯ ಹೆಸರಿನ ಸಾಮು ಎಂದೇ ಹೇಳಬೇಕು.

ಗರಡಿಮನೆ ಎಂದರೆ ಕುಸ್ತಿ ಕಲಿಸುವ ಮನೆ; ಉತ್ತರದ ಜಿಲ್ಲೆಗಳಲ್ಲಿ ಇದಕ್ಕೆ ತಾಲೀಮು, ತಾಲೀಮಖಾನೆ ಎಂಬ ಹೆಸರುಗಳೂ ಇವೆ. ತಾಲೀಮು ಎಂಬ ಅರಬ್ಬೀ ಮೂಲದ ಈ ಮಾತು ಬಯಲಾಟದ ಅಭ್ಯಾಸಕ್ಕೂ ಸಲ್ಲುವುದರಿಂದ, ಈ ಭಾಗದ ಹಳ್ಳಿಯಲ್ಲಿ ತಾಲೀಮಿಗೆ ಹೋದ ಎಂದರೆ ಮಣ್ಣಿಗೆ ಇಳಿಯಲು ಹೋದನೋ ದೊಡ್ಡಾಟದ ಮಾತು ಕಲಿಯಲು ಹೋದನೋ ಎಂದು ಕೇಳಬೇಕಾಗುತ್ತದೆ. ಎರಡೂ ಕಡೆ ಕಲಿಸುವವನು ಹಿರಿಯ. ಗರಡಿಯ ಒಳಗೆ ಕುಸ್ತಿಯ ಕಣ, ಗೋಡೆಗೆ ಹನುಮನ ಮೂರ್ತಿ ಅಥವಾ ಪಟ, ಮೂಲೆಯಲ್ಲಿ ಗದೆ, ಕರೇಲ ಎಂಬ ಮರದ ದಪ್ಪ ಗದೆಗಳ ಜೋಡಿ, ಎತ್ತುವ ಕಲ್ಲುಗುಂಡು, ಇಷ್ಟೇ ಆಸ್ತಿ. ಕೈಯೂರಿ ಮೈಯನ್ನು ಇಳಿಸಿ ಏಳಿಸುವುದು ದಂಡ. ಮೊಣಕಾಲು ಮಡಿಸಿ ಕುಳಿತೇಳುವುದು ಬೈಠಕ್, ಅದನ್ನೇ ಬಸ್ಕಿ ಎನ್ನುತ್ತಾರೆ. ಇವುಗಳ ಲೆಕ್ಕ ಇಡುವವನು, ಪಟ್ಟು ತಿದ್ದುವವನು, ಹುಡುಗನ ಉಸಿರು ಕೇಳಿ ಸಾಕು ಎನ್ನುವವನು ಉಸ್ತಾದ.

ಉಸ್ತಾದನ ಸ್ಥಾನವೇ ಗರಡಿಯು ಮುಪ್ಪಿಗೆ ಕೊಟ್ಟ ಉತ್ತರ. ಪೈಲ್ವಾನನು ಕಣದ ಕುಸ್ತಿ ಬಿಟ್ಟ ಮೇಲೆ ಗರಡಿಯನ್ನು ಬಿಡುವುದಿಲ್ಲ. ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುವುದು ಬೆನ್ನು ಸೊಂಟಗಳಿಗೆ ಕಡಿಮೆ ಕೆಲಸವಲ್ಲ. ಎಳೆಯರಿಗೆ ಎಣ್ಣೆ ತಿಕ್ಕುವುದು, ಉಳುಕು ತೆಗೆಯುವುದು, ಜಾರಿದ ಕೀಲನ್ನು ಕೂಡಿಸುವುದು ಕೈಬೆರಳುಗಳ ಬಲವನ್ನು ಉಳಿಸುವ ಕಸುಬು. ಪಟ್ಟು ತೋರಿಸುವ ನೆಪದಲ್ಲಿ ಅವನೇ ಒಂದೆರಡು ಸಲ ಬಾಗಿ ಏಳಲೇಬೇಕು. ವಾಗ್ಭಟನು ವೃದ್ಧನಿಗೆ ಎಣ್ಣೆಯನ್ನು ವಿಧಿಸಿದ್ದನು, ಗರಡಿ ಅದೇ ವೃದ್ಧನ ಕೈಗೆ ಎಣ್ಣೆಯ ಬಟ್ಟಲನ್ನು ಕೊಟ್ಟು ಬೇರೆಯವರಿಗೆ ತಿಕ್ಕಲು ಹೇಳಿತು. ಸೇವೆ ಪಡೆಯುವವನು ಸೇವೆ ಮಾಡುವವನಾದ ಈ ಚಿಕ್ಕ ತಿರುವಿನಲ್ಲಿ, ಗ್ರಂಥ ಮುಚ್ಚಿದ್ದ ಬಾಗಿಲನ್ನು ಕಸುಬಿನ ಜನ ತೆರೆದರು ಎನ್ನಬಹುದು. ಒಬ್ಬ ಉಸ್ತಾದನ ಸುತ್ತ ಅವನ ಕಾಲದ ಇನ್ನೂ ನಾಲ್ಕಾರು ಹಳೆಯ ಪೈಲ್ವಾನರು ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದುದರಿಂದ, ಗರಡಿಯು ಎಳೆಯರ ಶಾಲೆಯಾಗಿದ್ದಷ್ಟೇ ಹಿರಿಯರ ವಾರಿಗೆಯ ಕೂಟವೂ ಆಗಿತ್ತು. ಒಬ್ಬನು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಅವನ ಮನೆಗೆ ಆಳು ಹೋಗುತ್ತಿತ್ತು.

ಆದರೂ ಗರಡಿ ಕೆಲವರ ಸ್ವತ್ತು. ಉಳಿದ ಬಹುಪಾಲು ಜನಕ್ಕೆ ದೇಹ ಹುರಿಗೊಂಡದ್ದು ಹೊಲದಲ್ಲಿ ಮತ್ತು ಅಡುಗೆಮನೆಯಲ್ಲಿ. ಕಣ ಎಂಬ ಮಾತು ಕನ್ನಡದಲ್ಲಿ ಕುಸ್ತಿಯ ನೆಲಕ್ಕೂ ರಾಶಿ ಮಾಡುವ ನೆಲಕ್ಕೂ ಒಂದೇ ಆಗಿರುವುದು ಗಮನಿಸತಕ್ಕ ಸಂಗತಿ. ಜೋಳದ ಸುಗ್ಗಿಯಲ್ಲಿ ಕಣದ ನಡುವೆ ಮೇಟಿಯೆಂಬ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಗಳ ಮೇಲೆ ಸುತ್ತಿಸುವುದನ್ನು ಹಂತಿ ಹೊಡೆಯುವುದು ಎನ್ನುತ್ತಾರೆ; ಇರುಳೆಲ್ಲ ನಡೆಯುತ್ತಿದ್ದ ಈ ಕೆಲಸದಲ್ಲಿ ನಿದ್ದೆ ಬಾರದಂತೆ ಹಾಡುತ್ತಿದ್ದ ಪದಗಳು ಹಂತಿಯ ಪದಗಳು. ಎತ್ತಿನ ಹಿಂದೆ ನಡೆಯುತ್ತ ಪದ ಎತ್ತಿಕೊಡುತ್ತಿದ್ದವರು ಸಾಮಾನ್ಯವಾಗಿ ವಯಸ್ಸಾದವರು, ಏಕೆಂದರೆ ಪದದ ಗಂಟು ಇರುತ್ತಿದ್ದುದು ಅವರ ಬಳಿ. ಹೊತ್ತುಗಟ್ಟಲೆ ಮೆಲ್ಲಗೆ ನಡೆಯುವುದು, ಉಸಿರು ಹಿಡಿದು ಬಿಟ್ಟು ಹಾಡುವುದು, ಎದುರು ದನಿ ಕೊಡುವ ಜೊತೆಗಾರನಿಗೆ ಕಿವಿಯಾಗಿರುವುದು, ಈ ಮೂರನ್ನೂ ಒಟ್ಟಿಗೆ ಬೇಡುವ ಸಾಮು ಇಂದಿನ ಯಾವ ವ್ಯಾಯಾಮಶಾಲೆಯಲ್ಲಿಯೂ ಸುಲಭವಾಗಿ ಸಿಗಲಾರದು.

ಹೆಂಗಸರ ಲೆಕ್ಕ ಇನ್ನೂ ಭಾರದ್ದು. ನಸುಕಿನಲ್ಲಿ ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸುವ ಕಲ್ಲು ತಿರುಗಿಸುವಾಗ ತೋಳು, ಹೆಗಲು, ಸೊಂಟ ಮೂರಕ್ಕೂ ಕೆಲಸ. ಅತ್ತೆ ಸೊಸೆಯರ ನಡುವೆ, ನೆರೆಹೊರೆಯ ಮುದುಕಿಯರ ನಡುವೆ ಮಾತು ಕತೆ ದುಃಖ ಎಲ್ಲವೂ ಹರಿದದ್ದು ಆ ಕಲ್ಲಿನ ಸುತ್ತ, ಬೀಸುವ ಪದಗಳೆಂಬ ಹಾಡಿನ ಭಂಡಾರವೇ ಅಲ್ಲಿ ಬೆಳೆಯಿತು. ಒರಳು, ಒನಕೆ, ಬಾವಿಯ ಹಗ್ಗ, ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಟ್ಟುವ ಜೋಳದ ರೊಟ್ಟಿ, ಹತ್ತಿ ಬಿಡಿಸುವ ಹೊಲ, ಇವೆಲ್ಲ ಅದೇ ಸಾಲಿನವು. ಈ ದುಡಿಮೆಯನ್ನು ಹೊಗಳುವಾಗ ಎಚ್ಚರ ಬೇಕು: ಅದು ಬಡತನದ ದುಡಿಮೆ, ಎಷ್ಟೋ ಬೆನ್ನುಗಳನ್ನು ಅದು ಬಾಗಿಸಿತು, ಬಯಸಿ ಮಾಡಿದ್ದಲ್ಲ. ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ನಿಟ್ಟುಸಿರು ಬಿಟ್ಟದ್ದು ನ್ಯಾಯವೇ. ಆದರೆ ಗಿರಣಿಯು ಕಲ್ಲಿನ ಭಾರವನ್ನು ಒಯ್ದಾಗ ಕಲ್ಲಿನ ಎದುರು ಕುಳಿತ ಜೊತೆಗಾತಿಯನ್ನೂ ಒಯ್ದಿತು, ಅವಳಿಗೆ ಬದಲಾಗಿ ಯಾರೂ ಬರಲಿಲ್ಲ.

ಹಬ್ಬ ಮತ್ತು ಯಾತ್ರೆಗಳ ಪಾಲನ್ನೂ ಇಲ್ಲಿ ಸೇರಿಸಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಮೊಹರಂ ದಿನಗಳಂದು ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ, ಸುತ್ತ ಹೆಜ್ಜೆ ಹಾಕುವಾಗ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದಂತೆ ಎಳೆಯರು ಹಿರಿಯರೆಂಬ ಭೇದವೂ ಇರುವುದಿಲ್ಲ. ಯುಗಾದಿಯ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಂಬಿ ಎಂಬ ಕಾವಡಿ ಹೊತ್ತು ನಡೆದುಹೋಗುವ ತಂಡಗಳಲ್ಲಿ ನೆರೆಗೂದಲಿನವರು ಕಡಿಮೆಯಿಲ್ಲ. ದಾರಿಯುದ್ದಕ್ಕೂ ಊರವರು ನೀರು, ಅಂಬಲಿ, ಊಟ, ಕಾಲಿಗೆ ಹಚ್ಚಲು ಎಣ್ಣೆ ಕೊಡುತ್ತಾರೆ. ಅಮಾವಾಸ್ಯೆ ಸೋಮವಾರ ಅರಳಿಮರಕ್ಕೆ 108 ಸುತ್ತು ಬರುವ ಅಜ್ಜಿಯರು ಎಣಿಕೆ ತಪ್ಪದಿರಲು ಹೂವನ್ನೋ ಕಡಲೆಯನ್ನೋ ಒಂದೊಂದಾಗಿ ಇಡುತ್ತ ನಡೆಯುವುದು ಊರೂರಿನ ನೋಟ. ಅದೇ ಅರಳಿಯ ಸುತ್ತಿನ ಕಟ್ಟೆ ಸಂಜೆಗೆ ಗಂಡಸರದು. ಕಟ್ಟೆಗೆ ಕೂತುಣ್ಣುವವರ ತಾಣವೆಂಬ ಹೀನಾಯದ ಅರ್ಥ ಅಂಟಿದ್ದು ಅನ್ಯಾಯವೆಂದೇ ಹೇಳಬೇಕು, ಏಕೆಂದರೆ ಒಂಟಿ ಮುದುಕನನ್ನು ದಿನಕ್ಕೊಮ್ಮೆಯಾದರೂ ಹೊಸ್ತಿಲು ದಾಟಿಸಿ, ಪಂಚೆ ಉಡಿಸಿ, ನಾಲ್ಕು ಓಣಿ ನಡೆಸಿದ್ದು ಆ ಕಟ್ಟೆಯೇ.

20ನೆಯ ಶತಮಾನದಲ್ಲಿ ವ್ಯಾಯಾಮವು ಒಂದು ಚಳವಳಿಯಾಯಿತು, ಆದರೆ ಅದರ ಕಣ್ಣು ಯುವಕರ ಮೇಲಿತ್ತು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳವು ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ದೇಶಸೇವೆಗೆ ತರುಣರನ್ನು ಅಣಿಗೊಳಿಸಿತು, ಬೆಂಗಳೂರಿನಲ್ಲಿ ಕನ್ನಡಿಗರಿಗೆ ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳಿಂದ ಪರಿಚಿತರಾದ ಕೆ. ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಅಂಗಸೌಷ್ಠವವನ್ನು ಕಲಿಸಿದರು. ಔಂಧ ಸಂಸ್ಥಾನದ ಅರಸ ಭವಾನರಾವ್ ಪಂತಪ್ರತಿನಿಧಿ ಸೂರ್ಯನಮಸ್ಕಾರದ ಪುಸ್ತಕವನ್ನು 1928ರಲ್ಲಿ ಪ್ರಕಟಿಸಿದಾಗ ಅವರಿಗೆ ಅರವತ್ತು ತುಂಬುತ್ತಿತ್ತು. ಸ್ವಂತ ವಯಸ್ಸನ್ನೇ ಪ್ರಮಾಣವಾಗಿ ಮುಂದಿಟ್ಟ ಇಂಥವರು ವಿರಳ, ಅವರಲ್ಲಿ ಕನ್ನಡನಾಡಿಗೆ ಹತ್ತಿರದವರು ಇಬ್ಬರು.

ಮೊದಲನೆಯವರು ಬಳ್ಳಾರಿ ಸೀಮೆಗೆ ನೆರೆಯ ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ತಿರುಕ ಎಂಬ ಹೆಸರಿನಲ್ಲಿ ಬರೆದ ಅವರು ಬರೋಡೆಯ ಪ್ರೊ. ಮಾಣಿಕರಾವ್ ಅವರಲ್ಲಿ ವ್ಯಾಯಾಮವಿದ್ಯೆ ಕಲಿತು, ಊರೂರು ತಿರುಗಿ ಯೋಗ ಮತ್ತು ವ್ಯಾಯಾಮದ ಶಿಬಿರಗಳನ್ನು ನಡೆಸಿ, ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, ಆಯುರ್ವೇದ ಚಿಕಿತ್ಸೆ ನೀಡಿ, ನೂರು ವರ್ಷ ದಾಟಿ 1996ರಲ್ಲಿ ತೀರಿಕೊಂಡರು. ಅವರ ಬದುಕಿನಲ್ಲಿ ಮುಖ್ಯವಾದದ್ದು ಆಯುಸ್ಸಿನ ಉದ್ದಕ್ಕಿಂತ, ವೃದ್ಧನೊಬ್ಬನು ಬಯಲಿನಲ್ಲಿ ನಿಂತು ಮಕ್ಕಳಿಗೆ ಆಸನ ತಿದ್ದುವುದನ್ನು ಹಲವು ತಲೆಮಾರುಗಳು ಕಣ್ಣಾರೆ ಕಂಡವು ಎಂಬುದು. ಎರಡನೆಯವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ತಿರುಮಲೆ ಕೃಷ್ಣಮಾಚಾರ್ಯರಿಂದ ಕಲಿತು, ಪುಣೆಯಲ್ಲಿ ನೆಲೆಸಿ 2014ರಲ್ಲಿ ತೀರಿಕೊಂಡ ಬಿ. ಕೆ. ಎಸ್. ಅಯ್ಯಂಗಾರ್. ತೊಂಬತ್ತರ ವಯಸ್ಸಿನಲ್ಲಿಯೂ ಅಭ್ಯಾಸ ಬಿಡದ ಅವರು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಮಡಿಚುವ ಕುರ್ಚಿಗಳನ್ನು ಆಸನಕ್ಕೆ ಊರುಗೋಲಾಗಿ ಬಳಸಲು ಕಲಿಸಿದರು. ಕೀಲು ಬಿಗಿದವರಿಗೂ ನಿಲ್ಲಲಾರದವರಿಗೂ ಯೋಗದ ಬಾಗಿಲು ತೆರೆದದ್ದು ಈ ಊರುಗೋಲುಗಳಿಂದ. ವೃದ್ಧನು ಬಿಡಬೇಕು ಎಂಬ ಹಳೆಯ ವಿಧಿಗೆ ಇದಕ್ಕಿಂತ ವಿನಯದ ಉತ್ತರ ಸಿಗುವುದು ಕಷ್ಟ.

ಇತ್ತ ವಡ್ಡುವಿನ ಸುತ್ತಿನ ನೆಲ ಬೇರೆಯಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದು, ಮಳೆಯನ್ನೇ ನಂಬಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ದೋಣಿಮಲೆಯ ಗಣಿಗಳು 1970ರ ದಶಕದಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ 1990ರ ದಶಕದಲ್ಲಿ ಬಂದವು. ಟ್ರ್ಯಾಕ್ಟರು, ರಾಶಿ ಯಂತ್ರ, ಬೋರ್‌ವೆಲ್, ಆಟೋ ಸೇರಿ ಒಂದೇ ತಲೆಮಾರಿನೊಳಗೆ ಹಂತಿಯನ್ನೂ ಬಾವಿಯ ದಾರಿಯನ್ನೂ ಅಳಿಸಿದವು. ಮಕ್ಕಳು ಪಾಳಿಯ ಕೆಲಸಕ್ಕೆ ಹೋಗುವ ಮನೆಯಲ್ಲಿ ಹಿರಿಯರಿಗೆ ಕಾವಲು ಕಾಯುವುದೊಂದೇ ಕೆಲಸವಾಯಿತು. ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ, ಕೆಂಪು ದೂಳಿನಲ್ಲಿ ಸಂಜೆಯ ನಡಿಗೆಯೂ ಭಯದ ಮಾತಾಯಿತು. ದುಡಿಮೆ ಹೋಯಿತು, ವಿಶ್ರಾಂತಿಯೇ ಮುಪ್ಪಿನ ಧರ್ಮ ಎಂಬ ನಂಬಿಕೆ ಮಾತ್ರ ಉಳಿಯಿತು. ಹಿಂದೆ ಆ ನಂಬಿಕೆಯಿಂದ ಹಾನಿಯಾಗದಂತೆ ಬಡತನ ಕಾಯುತ್ತಿತ್ತು, ಈಗ ಕಾಯುವವರಿಲ್ಲ.

2011ರ ಜನಗಣತಿ ದೇಶದಲ್ಲಿ ಅರವತ್ತು ದಾಟಿದವರನ್ನು ಸುಮಾರು 10.4 ಕೋಟಿ ಎಂದು ಎಣಿಸಿತು. ಅದಕ್ಕೂ ಮುಂಚೆ, ವಿಶ್ವಸಂಸ್ಥೆಯು ಹಿರಿಯರ ವರ್ಷವೆಂದು ಆಚರಿಸಿದ 1999ರಲ್ಲಿ ಭಾರತವು ಹಿರಿಯರ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತ್ತು; 2007ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಮಾಸಾಶನ ಬಂತು. ಮಾಸಾಶನ ಹೊಟ್ಟೆಗೆ ಆಸರೆ, ನಿಜ. ಆದರೆ ಮೊಣಕಾಲಿಗೂ ಒಂಟಿತನಕ್ಕೂ ಬೇರೆ ಆಸರೆ ಬೇಕೆಂಬ ತಿಳಿವು ನಿಧಾನವಾಗಿ ಮೂಡಿತು. ಡಾ. ಮದನ್ ಕಟಾರಿಯಾ 1995ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಬೆರಳೆಣಿಕೆಯ ಜನರೊಡನೆ ಆರಂಭಿಸಿದ ನಗೆಕೂಟ ಕರ್ನಾಟಕದ ಊರುಗಳ ಉದ್ಯಾನಗಳಿಗೂ ಹಬ್ಬಿತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರದ ಪೊಲೀಸರೊಡನೆ ಸೇರಿ 1090 ಎಂಬ ಹಿರಿಯರ ಸಹಾಯವಾಣಿಯನ್ನು 2002ರಲ್ಲಿ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳು 65 ದಾಟಿದವರೂ ವಾರಕ್ಕೆ 150ರಿಂದ 300 ನಿಮಿಷ ಹದವಾಗಿ ಮೈಯಾಡಿಸಬೇಕು, ಬೀಳದಂತೆ ಕಾಯುವ ಸಮತೋಲದ ಮತ್ತು ಬಲವರ್ಧನೆಯ ಅಭ್ಯಾಸಗಳನ್ನು ವಾರದಲ್ಲಿ ಮೂರು ದಿನವಾದರೂ ಮಾಡಬೇಕು ಎನ್ನುತ್ತವೆ. ಕುಕ್ಕರಗಾಲಿನಲ್ಲಿ ಕೂತೇಳುವುದು, ಕೊಡ ಹೊರುವುದು, ಕಣದ ಸುತ್ತ ನಡೆಯುವುದು ಇವನ್ನೆಲ್ಲ ಬೇರೆ ಮಾತಿನಲ್ಲಿ ಹೇಳಿದರೆ ಇದೇ ಪಟ್ಟಿ ಬರುತ್ತದೆ.

ಪಟ್ಟಿಯಲ್ಲಿ ಬಾರದ್ದು ವಾರಿಗೆಯವರು. ಹಿರಿಯ ನಾಗರಿಕರ ಸಂಘಗಳಲ್ಲಿ, ಪಿಂಚಣಿದಾರರ ಕೂಟಗಳಲ್ಲಿ, ಶ್ರಾವಣದ ಪುರಾಣ ಪ್ರವಚನಗಳಲ್ಲಿ, ಭಜನಾ ಮಂಡಳಿಗಳಲ್ಲಿ ಅವರು ಇದ್ದಾರೆ. ಬೆಳಗಿನ ನಡಿಗೆಯ ಗುಂಪುಗಳಲ್ಲಿಯೂ ಇದ್ದಾರೆ. ವೈದ್ಯನ ಮಾತಿಗೆ ಎರಡು ವಾರ ನಡೆದು ನಿಲ್ಲಿಸುವವನು, ಓಣಿಯ ತಿರುವಿನಲ್ಲಿ ಕಾಯುವ ಗೆಳೆಯನಿಗಾಗಿ ವರ್ಷಗಟ್ಟಲೆ ನಡೆಯುತ್ತಾನೆ. ಗರಡಿಯಲ್ಲಿ ಮೂರನೆಯ ದಿನ ಮನೆಗೆ ಬರುತ್ತಿದ್ದ ಆಳಿನ ಕೆಲಸವನ್ನು ಆ ಗೆಳೆಯನೇ ಮಾಡುತ್ತಾನೆ. ಆದರೆ ಈ ಕೂಟಗಳು ಬಹುಪಾಲು ಪಟ್ಟಣದವು, ಓದಿದವರವು, ಗಂಡಸರವು. ಬೀಸುವ ಕಲ್ಲಿನ ಜೊತೆಗಾತಿಯನ್ನು ಕಳೆದುಕೊಂಡ ಹೆಂಗಸಿಗೆ ಕಟ್ಟೆಯ ಮೇಲೆ ಕೂರುವ ಹಕ್ಕು ಹಿಂದೆಯೂ ಇರಲಿಲ್ಲ.

ಈ ಕಾರಣದಿಂದ ಸಂಡೂರಿನ ಲಂಬಾಣಿ ಹೆಂಗಸರ ಕಡೆಗೆ ನೋಡುವುದು ಉಚಿತ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರ ಆಸಕ್ತಿಯಿಂದ 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರವು ಲಂಬಾಣಿ ವಸತಿಗಳಾದ ತಾಂಡಾಗಳ ಕಸೂತಿಯನ್ನು ಕಸುಬಾಗಿ ಬೆಳೆಸಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, 2023ರಲ್ಲಿ ಹಂಪಿಯ ಜಿ20 ಸಭೆಯ ಸಂದರ್ಭದಲ್ಲಿ ಸುಮಾರು 450 ಹೆಂಗಸರ ಕೈಯ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಕಸೂತಿ ಕುಳಿತು ಮಾಡುವ ಕೆಲಸ, ಅದನ್ನು ವ್ಯಾಯಾಮವೆಂದು ಕರೆಯಲಾಗದು. ಆದರೆ ಹೊಲಿಯಲು ಹೆಂಗಸರು ಒಟ್ಟಿಗೆ ಕೂರುತ್ತಾರೆ, ಅಲ್ಲಿ ಹೊಲಿಗೆಯ ಹೆಸರುಗಳನ್ನು ಎಳೆಯರಿಗೆ ಹೇಳಿಕೊಡುವವಳು ಅಜ್ಜಿ. ಹೋಳಿ ಬಂದಾಗ ಅದೇ ಹೆಂಗಸರು ತಾಂಡಾದ ನಡುವಿನ ಬಯಲಲ್ಲಿ ಸುತ್ತುಗಟ್ಟಿ, ಬಾಗಿ ಚಪ್ಪಾಳೆ ತಟ್ಟಿ, ಮೈಯನ್ನು ನೇರ ಮಾಡಿ, ಮತ್ತೆ ಬಾಗುತ್ತ ಕುಣಿಯುತ್ತಾರೆ. ಹಾಡು ಎತ್ತಿಕೊಡುವ ಮುದುಕಿ ಆ ಸುತ್ತಿನ ಒಳಗೇ ಹೆಜ್ಜೆ ಹಾಕುತ್ತಿರುತ್ತಾಳೆ.